ಶೆಟ್ರ ಕಾರಿನ ಮೇಲೆ ಪ್ರಕೃತಿ

2020ರ ಏಪ್ರಿಲ್‌ನಲ್ಲಿ ನವಿ ಮುಂಬಯಿಯ ನಮ್ಮ ನೆರೂಲ್ ಸೊಸೈಟಿಯವರೆಲ್ಲ ಪರಿಸರವಾದಿಗಳಾಗಿದ್ದೆವು. ಹೊರಗೆ ಹೋದರೆ ಲಾಠಿ, ಒಳಗಿದ್ದರೆ ಪಾತ್ರೆ ತೊಳೆಯುವ ಕೆಲಸ. ಉಳಿದದ್ದು ಟೆರೇಸ್ ಒಂದೇ. ಅಲ್ಲಿಂದ ನೋಡಿದರೆ ಖಾಡಿಯೆಲ್ಲ, ಅಂದರೆ ಒಳಕ್ಕೆ ಚಾಚಿದ ಸಮುದ್ರದ ಹಿನ್ನೀರೆಲ್ಲ, ಗುಲಾಬಿ! ಸಾವಿರಾರು ಫ್ಲೆಮಿಂಗೊಗಳು. ಮೂರನೇ ಮಾಳಿಗೆಯ ಶೆಟ್ರು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು: 'ಮನುಷ್ಯ ಒಳಗೆ, ಪ್ರಕೃತಿ ಹೊರಗೆ. ಇನ್ನಾದರೂ ಬುದ್ಧಿ ಕಲಿಯೋಣ.' ಕೆಳಗೆ 42 ಮಂದಿ ಕೈ ಮುಗಿದಿದ್ದರು. ಅದರಲ್ಲಿ ನಾನೂ ಒಬ್ಬ.

ಹಕ್ಕಿಗಳೇನು ಕೊರೊನಾ ಸುದ್ದಿ ಕೇಳಿ ಬಂದವಲ್ಲ. ಕಛ್ ಕಡೆಯಿಂದ ವರ್ಷ ವರ್ಷ ಬರುತ್ತವೆ, ಮಳೆಗಾಲ ಹತ್ತಿರವಾದಾಗ ಹೋಗುತ್ತವೆ. ಠಾಣೆ ಖಾಡಿಯ ಒಂದು ಭಾಗವನ್ನು ಸರ್ಕಾರ 2015ರಲ್ಲೇ ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿದೆ. ಅವು ಬರುವ ಹೊತ್ತಿಗೆ ನಾವು ಲೋಕಲ್ ರೈಲಿನಲ್ಲಿ ಯಾರದೋ ಕಂಕುಳಡಿ ನಿಂತಿರುತ್ತಿದ್ದೆವು, ಅಷ್ಟೇ. ಅಂದ ಹಾಗೆ, ಅವು ತಿನ್ನುವ ಪಾಚಿ ಖಾಡಿಯಲ್ಲಿ ಸೊಂಪಾಗಿ ಬೆಳೆಯಲು ನಾವು ಬಿಡುವ ಗಟಾರದ ನೀರೂ ಒಂದು ಕಾರಣವಂತೆ. ನಾವೇನೂ ಮಾಡಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಲಾಕ್‌ಡೌನ್ ಮುಗಿಯಿತು. ಶೆಟ್ರು ಹೊಸ ಕಾರು ತಗೊಂಡರು, ಹಾಲು ಬಿಳುಪಿನದು. ಪಾರ್ಕಿಂಗ್ ಸಿಕ್ಕಿದ್ದು ಮಾತ್ರ ಬಾದಾಮಿ ಮರದ ಕೆಳಗೆ. ರಾತ್ರಿ ಬಾವಲಿಗಳು ಬಂದು ಹಣ್ಣು ಚೀಪಿ ಗೊರಟ ಉದುರಿಸುತ್ತವೆ. ಟಪ್. ಟಪ್. ಬೆಳಿಗ್ಗೆ ಬಾನೆಟ್ ಮೇಲೆ ನಾರು ನಾರಾದ ಗೊರಟ, ಪಕ್ಕದಲ್ಲಿ ಒಣಗಿದ ಹಿಕ್ಕೆ. ಶೆಟ್ರು ಅದರ ಫೋಟೋನೂ ಗ್ರೂಪಿಗೆ ಹಾಕಿದರು: 'ಕೊರೊನಾ ಬಂದದ್ದೇ ಇವುಗಳಿಂದ. ಕಮಿಟಿ ನಿದ್ದೆ ಮಾಡ್ತಿದೆಯಾ?' ಕಮಿಟಿ ಅಂದರೆ ನಾನು.

ಮೀಟಿಂಗ್ ಕರೆದೆವು. ಹಳೇ ವಿಡಿಯೋವನ್ನು ಮೆಲ್ಲಗೆ ನೆನಪಿಸಿದೆ.

'ಪ್ರಕೃತಿ ಬೇಡ ಅಂತ ಯಾರು ಹೇಳಿದ್ದು ಮಾರಾಯ್ರೇ? ಖಾಡಿಯಲ್ಲಿ ಇರಲಿ. ಪಾರ್ಕಿಂಗ್‌ನಲ್ಲಿ ಯಾಕೆ?' ಅಂದರು ಶೆಟ್ರು. ಆ 42 ಮಂದಿಯ ತಲೆಯೂ ಆಡಿತು. ನನ್ನದೂ ಸ್ವಲ್ಪ ಆಡಿತು ಅನ್ನಿ.

ಊರಿನ ಮರ ಕಾಯಲು ಮಹಾರಾಷ್ಟ್ರದಲ್ಲಿ 1975ರಿಂದಲೇ ಕಾಯ್ದೆಯಿದೆ. ಹಾಗಾಗಿ ಅರ್ಜಿ ಹಾಕಿದೆವು. ಮಳೆಗಾಲಕ್ಕೆ ಮೊದಲು ಕೊಂಬೆ ಸವರಲು ಅನುಮತಿ ಸಿಕ್ಕಿತು. ಸವರುವುದು ಎಲ್ಲಿಗೆ ನಿಲ್ಲಬೇಕು ಎಂದು ಗರಗಸದವನಿಗೆ ಯಾರೂ ಹೇಳಲಿಲ್ಲ. ಸಂಜೆ ನೋಡಿದರೆ ಬೋಳು ಕಾಂಡ, ಎರಡು ಮೋಟು ಕೈ. ಯಾರೋ ಹ್ಯಾಂಡ್ಸ್ ಅಪ್ ಅಂದ ಹಾಗೆ ನಿಂತಿತ್ತು.

ಜೂನ್ 5ಕ್ಕೆ, ವಿಶ್ವ ಪರಿಸರ ದಿನ ಅಂತ, ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಕುಂಡದಲ್ಲಿ ಒಂದು ತುಳಸಿ ನೆಟ್ಟೆವು. ಗಿಡ ಒಂದು ಗೇಣು. ಹಿಂದಿನ ಫ್ಲೆಕ್ಸ್ ಹತ್ತು ಅಡಿ.

ಈಗ ಶೆಟ್ರದು ಹೊಸ ತಕರಾರು. ಬಿಸಿಲಿಗೆ ಕಾರು ಕಾದ ಕಾವಲಿ ಆಗ್ತಿದೆಯಂತೆ, ನೀರ್ ದೋಸೆ ಹೊಯ್ಯಬಹುದಂತೆ. ಮೇಲೆ ನೆರಳಿಗೆ ಪ್ಲಾಸ್ಟಿಕ್ ಶೀಟ್ ಹಾಕಿಸಲು ಕಮಿಟಿ ಒಪ್ಪಿದೆ. ಬಣ್ಣ ಹಸಿರೇ ಇರಲಿ ಎಂದು ನಾನೇ ಹೇಳಿದೆ. ಪರಿಸರಕ್ಕೂ ಏನಾದರೂ ಮಾಡಬೇಕಲ್ವಾ?