ಇಮ್ಯುನಿಟಿ ಜಾಸ್ತಿ, ಸರಿ. ಯಾರ ವಿರುದ್ಧ?

ಮೈಸೂರಿನಲ್ಲಿ ಈಗ ಇಮ್ಯುನಿಟಿ ಸಿಗದ ಜಾಗವೇ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿ ಹೊರಗೆ ಬಂದರೆ ಅಮೃತಬಳ್ಳಿ ಜ್ಯೂಸು, ಮೆಡಿಕಲ್ ಶಾಪಿನಲ್ಲಿ ಚ್ಯವನಪ್ರಾಶದ ಪಕ್ಕ ಇನ್ನೇನೋ ಡಬ್ಬಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೊಂದು ಕಷಾಯ. ಎಲ್ಲರೂ ಹೇಳೋದು ಒಂದೇ: ಜಾಸ್ತಿ ಮಾಡ್ಕೊಳ್ಳಿ. ಚಾಮುಂಡಿ ಬೆಟ್ಟದಲ್ಲಿ ಕೋತಿಗೆ ಅರ್ಧ ತಿಂದ ಚಿಪ್ಸ್ ಪ್ಯಾಕೆಟ್ ಎಸೆಯುವವರ ಬಾಯಲ್ಲೂ ಅದೇ ಪದ. "ಅವಕ್ಕೇನಾಗಲ್ಲ ಬಿಡಿ ಸಾರ್, ನಮಗಿಂತ ಇಮ್ಯುನಿಟಿ ಜಾಸ್ತಿ."

ಇಮ್ಯುನಿಟಿ ಅನ್ನೋದು ಕೆಆರ್‌ಎಸ್ ನೀರಿನ ಹಾಗೆ ಅಡಿ ಲೆಕ್ಕದಲ್ಲಿ ಏರಿ ಇಳಿಯುತ್ತೆ, 124.80 ಮುಟ್ಟಿಸಿ ಬಾಗಿನ ಕೊಟ್ಟುಬಿಟ್ಟರೆ ಆ ವರ್ಷಕ್ಕೆ ಚಿಂತೆಯಿಲ್ಲ ಅನ್ನೋ ಭಾವನೆ ನಮ್ಮದು. ನನ್ನ ತಕರಾರು ಇರೋದೇ ಇಲ್ಲಿ. ಕೋತಿ, ಚಿಂಪಾಂಜಿ, ಮನುಷ್ಯ ಇವರ ಜೀನ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದ ವಿಜ್ಞಾನಿಗಳು ಈ ಇಪ್ಪತ್ತು ವರ್ಷದಲ್ಲಿ ಕಂಡದ್ದನ್ನು ನೋಡಿದರೆ, ಎಷ್ಟಿದೆ ಅಂತ ಕೇಳುವುದಕ್ಕೇ ಅರ್ಥ ಉಳಿಯುವುದಿಲ್ಲ. ಯಾವ ರೋಗಾಣುವಿನ ವಿರುದ್ಧ ಅಂತ ಕೇಳಬೇಕು.

ನಾನು ಹೇಳುತ್ತಿರುವುದು ಲಸಿಕೆಯಿಂದ ಕಲಿಯುವ ಪ್ರತಿರೋಧದ ಬಗ್ಗೆ ಅಲ್ಲ. ಹುಟ್ಟುವಾಗಲೇ ಜೀನ್‌ನಲ್ಲಿ ಬರೆದುಕೊಂಡು ಬರುವ, ವೈರಸ್ ಒಳಗೆ ಕಾಲಿಟ್ಟ ಗಂಟೆಯಲ್ಲೇ ಕೆಲಸ ಶುರು ಮಾಡುವ ಜನ್ಮಜಾತ ವ್ಯವಸ್ಥೆಯ ಬಗ್ಗೆ.

2004ರಲ್ಲಿ ರೀಸಸ್ ಕೋತಿಯಲ್ಲಿ ಟ್ರಿಮ್5 ಅನ್ನೋ ಜೀನ್‌ನ ಕೆಲಸ ಪತ್ತೆಯಾಯಿತು. (ರೀಸಸ್ ಅಂದರೆ ಉತ್ತರ ಭಾರತದ ಕೋತಿ. ನಮ್ಮ ಬೆಟ್ಟದಲ್ಲಿರುವುದು ತಲೆ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡಿರುವ ಬಾನೆಟ್ ಕೋತಿ, ಅದರ ದಾಯಾದಿ.) ಎಚ್‌ಐವಿ ಜೀವಕೋಶದೊಳಗೆ ನುಗ್ಗಿದ ಕೂಡಲೇ ಈ ಜೀನ್ ತಯಾರಿಸುವ ಪ್ರೋಟೀನು ವೈರಸ್ಸಿನ ಹೊರಚಿಪ್ಪನ್ನು ಹಿಡಿದು ಕೆಡಿಸಿಬಿಡುತ್ತೆ. ಅದಕ್ಕೇ ರೀಸಸ್ ಕೋತಿಗೆ ಎಚ್‌ಐವಿ ಅಂಟುವುದಿಲ್ಲ. ನಮ್ಮಲ್ಲೂ ಅದೇ ಜೀನ್ ಇದೆ, ಆದರೆ ಎಚ್‌ಐವಿಯನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ವ್ಯತ್ಯಾಸ ಅಂತೀರಾ? ಮನುಷ್ಯರ ಟ್ರಿಮ್5ನಲ್ಲಿ 332ನೇ ಅಮೈನೋ ಆಮ್ಲ (ಪ್ರೋಟೀನು ಅನ್ನೋ ಸರದ ಒಂದು ಮಣಿ) ಒಂದನ್ನು ಬದಲಿಸಿದರೆ ಸಾಕು, ಲ್ಯಾಬಿನಲ್ಲಿ ಅದೂ ಎಚ್‌ಐವಿಯನ್ನು ತಡೆಯಲು ಶುರು ಮಾಡುತ್ತೆ.

2005ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹರ್ಮೀತ್ ಮಲಿಕ್, ಮೈಕೆಲ್ ಎಮರ್ಮನ್ ತಂಡದವರು ಈ ಒಂದೇ ಜೀನನ್ನು ಹಲವು ಪ್ರೈಮೇಟ್‌ಗಳಲ್ಲಿ, ಅಂದರೆ ಕೋತಿ, ಚಿಂಪಾಂಜಿ, ಮನುಷ್ಯ ಸೇರಿದ ಗುಂಪಿನಲ್ಲಿ, ಓದಿದರು. ವೈರಸ್ ಹಿಡಿಯುವ ಭಾಗದಲ್ಲೇ 13 ಅಮೈನೋ ಆಮ್ಲಗಳಷ್ಟು ಪುಟ್ಟ ಜಾಗದಲ್ಲಿ ಬದಲಾವಣೆಗಳು ಗುಂಪಾಗಿದ್ದವು. ಸುಮ್ಮನೆ ಕಾಲ ಕಳೆದಂತೆ ಆಗುವ ಬದಲಾವಣೆ ಹೀಗೆ ಒಂದೇ ಕಡೆ ಸೇರುವುದಿಲ್ಲ. ಕೋಟ್ಯಂತರ ವರ್ಷಗಳಲ್ಲಿ ಒಂದೊಂದು ವೈರಸ್ ಬಂದಾಗಲೂ ಅಲ್ಲಿ ಸರಿಯಾದ ಅಕ್ಷರ ಇದ್ದವರು ಉಳಿದರು, ಉಳಿದವರ ಮಕ್ಕಳು ನಾವು. ಯಾವ ವೈರಸ್ಸಿನಿಂದ ನಮ್ಮದು ಹೀಗಾಯಿತು? 2007ರಲ್ಲಿ ಅದೇ ತಂಡ, ಚಿಂಪಾಂಜಿ ಗೊರಿಲ್ಲಾಗಳ ಜೀನೋಮಿನಲ್ಲಿ ಗುರುತು ಬಿಟ್ಟು ಅಳಿದುಹೋದ, ಮನುಷ್ಯರಲ್ಲಿ ಕಾಣದ ಒಂದು ಹಳೇ ರೆಟ್ರೊವೈರಸ್ಸಿನ (ಎಚ್‌ಐವಿಯೂ ಇದೇ ಗುಂಪು) ಚೂರನ್ನು ಮತ್ತೆ ಕಟ್ಟಿ ನೋಡಿತು. ನಮ್ಮ ಟ್ರಿಮ್5 ಅದನ್ನು ಚೆನ್ನಾಗಿ ತಡೆಯಿತು. ಅದಕ್ಕೆ ಪಳಗಿದ್ದಕ್ಕೇ ಎಚ್‌ಐವಿ ಮುಂದೆ ಸೋತೆವು ಅನ್ನುವುದು ಅವರ ವಾದ. ಮರುವರ್ಷವೇ ಬೇರೆ ತಂಡ ಇದಕ್ಕೆ ಆಕ್ಷೇಪ ಎತ್ತಿತು, ಆ ಜಗಳ ಇರಲಿ. ಒಂದು ಶತ್ರುವಿಗೆ ಹೊಂದಿಕೊಂಡದ್ದು ಇನ್ನೊಂದರ ಮುಂದೆ ಕೆಲಸಕ್ಕೆ ಬಾರದೆ ಹೋಗಬಹುದು ಅನ್ನುವುದಂತೂ ಈ ಜೀನ್ ತುಂಬ ಕಾಣುತ್ತೆ.

ದಕ್ಷಿಣ ಅಮೆರಿಕದ ಔಲ್ ಮಂಕಿ ಅಂತ ರಾತ್ರಿ ಓಡಾಡುವ ಪುಟ್ಟ ಕೋತಿಯ ಕಥೆ ನನಗೆ ಇನ್ನೂ ಇಷ್ಟ. ಅದರಲ್ಲಿ ಟ್ರಿಮ್5 ಜೀನ್‌ನೊಳಗೆ ಬೇರೊಂದು ಜೀನ್‌ನ ಪ್ರತಿ ಬಂದು ಕೂತು ಹೊಸದೊಂದು ಪ್ರೋಟೀನೇ ಹುಟ್ಟಿತು. ಅದು ಎಚ್‌ಐವಿಯನ್ನು ತಡೆಯುತ್ತೆ. ಇಂಥದ್ದೇ ಆಕಸ್ಮಿಕ ಸಂಬಂಧವೇ ಇಲ್ಲದಂತೆ ಏಷ್ಯಾದ ಕೆಲವು ಕೋತಿಗಳಲ್ಲಿ ಇನ್ನೊಮ್ಮೆ ನಡೆದಿದೆ. ಆಗ್ನೇಯ ಏಷ್ಯಾದ ಮೋಟುಬಾಲದ ಪಿಗ್‌ಟೇಲ್ ಕೋತಿಯಲ್ಲಿ ಹೀಗೆ ಹುಟ್ಟಿದ ಪ್ರೋಟೀನು ಮಾತ್ರ ಎಚ್‌ಐವಿಯ ಮುಖ್ಯ ಬಗೆಯಾದ ಎಚ್‌ಐವಿ-1ನ್ನು ತಡೆಯುವುದಿಲ್ಲ. ಹಾಗಾಗಿ ಆ ಕೋತಿಗೆ ಈ ವೈರಸ್ ಅಂಟಿಸಬಹುದು. ಇವೆರಡರಲ್ಲಿ ಯಾವುದಕ್ಕೆ ಇಮ್ಯುನಿಟಿ ಜಾಸ್ತಿ? ಪ್ರಶ್ನೆಯೇ ತಪ್ಪು.

ಇನ್ನು "ಕೋತಿಗೆ ಏನೂ ಆಗಲ್ಲ" ಅನ್ನುವವರಿಗೆ ದೂರದ ಉದಾಹರಣೆ ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಕೋತಿಗಳು ಸತ್ತು ಬೀಳತೊಡಗಿದ ಮೇಲೇ ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದು. ಆ ವೈರಸ್ ಹೊಕ್ಕ ಮನುಷ್ಯರಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು. ಕೋತಿ, ಮುಸುವಗಳಿಗೆ ಅದು ನಮಗಿಂತ ಎಷ್ಟೋ ಮಾರಕ. ತಮಾಷೆ ಅಂದರೆ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮನುಷ್ಯರ ಟ್ರಿಮ್5 ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ವೈರಸ್ಸನ್ನೂ ಅಡ್ಡಗಟ್ಟುತ್ತೆ, ಸೊಳ್ಳೆಯಿಂದ ಬರುವ ಡೆಂಗಿಯನ್ನು ಅಡ್ಡಗಟ್ಟುವುದಿಲ್ಲ. ಎಚ್‌ಐವಿ ಮುಂದೆ ಕೈಲಾಗದ ಜೀನ್ ಅಂತ ನಾವು ಬೈದುಕೊಂಡದ್ದು ಇದೇ.

"ಹಾಗಾದರೆ ಪ್ರತಿರೋಧ ಜೋರಾಗಿದ್ದರೆ ನಷ್ಟ ಏನು?" ಅಂತ ಕೇಳಬಹುದು. ನಷ್ಟ ಇದೆ. 2021ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮನುಷ್ಯ, ಚಿಂಪಾಂಜಿ, ರೀಸಸ್, ಬಬೂನ್ ಈ ನಾಲ್ಕರ ರಕ್ತದ ಬಿಳಿ ಕಣಗಳನ್ನು ಬ್ಯಾಕ್ಟೀರಿಯಾದ ಹೊರಪದರದ ಅಂಶ ಹಾಕಿ ಕೆಣಕಿ ನೋಡಿದರು. ಮನುಷ್ಯ, ಚಿಂಪಾಂಜಿಗಳ ಕಣಗಳು ಉಳಿದೆರಡಕ್ಕಿಂತ ಜೋರಾಗಿ ಎದ್ದವು, ಬಂದಿರುವುದು ಬ್ಯಾಕ್ಟೀರಿಯಾ ಆದರೂ ವೈರಸ್ ವಿರುದ್ಧದ ಜೀನ್‌ಗಳನ್ನೂ ಎಬ್ಬಿಸಿದವು. ಬಬೂನ್, ರೀಸಸ್‌ಗಳದು ಅಳತೆಯ ಉತ್ತರ. ನಮ್ಮ ಆಸ್ಪತ್ರೆಗಳ ಐಸಿಯುಗಳಲ್ಲಿ ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸುವ ಸ್ಥಿತಿ) ಅಂತ ಬರೆದಿರುವ ಕೇಸ್‌ಶೀಟುಗಳ ಹಿಂದೆ ರೋಗಾಣುವಿನ ಜೊತೆಗೆ ದೇಹದ ಈ ಆವೇಶವೂ ಇರುತ್ತೆ. ಆಫ್ರಿಕಾದ ಸೂಟಿ ಮ್ಯಾಂಗಬಿ ಅನ್ನೋ ಕೋತಿಯ ರಕ್ತದಲ್ಲಿ ಎಚ್‌ಐವಿಯ ಸೋದರ ವೈರಸ್ ಜೀವಮಾನವಿಡೀ ಇರುತ್ತೆ, ಏಡ್ಸ್ ಸಾಮಾನ್ಯವಾಗಿ ಬರುವುದಿಲ್ಲ. ಅದರ ದೇಹ ವೈರಸ್ಸನ್ನು ಓಡಿಸುವುದಿಲ್ಲ, ಮೊದಲ ಗಲಾಟೆ ಆದಮೇಲೆ ತಾನೇ ತಣ್ಣಗಾಗುತ್ತೆ.

ಕೋವಿಡ್ ಕಾಲ ನೆನಪಿಸಿಕೊಳ್ಳಿ. ಬೀದಿಯಲ್ಲಿ ಇಮ್ಯುನಿಟಿ ಏರಿಸುವ ಕಷಾಯ. ಆಸ್ಪತ್ರೆಯ ಒಳಗೆ, ಉಸಿರಿಗೆ ಒದ್ದಾಡುತ್ತಿದ್ದವರಿಗೆ ಕೊಟ್ಟಿದ್ದು ಡೆಕ್ಸಾಮೆಥಾಸೋನ್, ಇಮ್ಯುನಿಟಿಯನ್ನು ಇಳಿಸುವ ಸ್ಟೀರಾಯ್ಡು! ವೆಂಟಿಲೇಟರ್ ಮೇಲಿದ್ದವರ ಸಾವು ಅದರಿಂದ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತೆ ಅಂತ 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿತ್ತು. ನನಗೆ ಬೇಸರ ತರಿಸುವುದು ಇದೇ. ಅಷ್ಟೆಲ್ಲ ಕಣ್ಣಾರೆ ಕಂಡಮೇಲೂ ನಮ್ಮ ಭಾಷೆಯಲ್ಲಿ ಉಳಿದದ್ದು "ಬೂಸ್ಟ್" ಮಾತ್ರ.

ಅದೇ ವರ್ಷ ಹ್ಯೂಗೊ ಜೆಬರ್ಗ್ ಮತ್ತು ಮುಂದೆ 2022ರಲ್ಲಿ ನೊಬೆಲ್ ಪಡೆದ ಸ್ವಾಂಟೆ ಪಾಬೊ ಇನ್ನೊಂದು ವಿಷಯ ಹೊರಹಾಕಿದರು. 3ನೇ ಕ್ರೋಮೋಸೋಮಿನ ಒಂದು ತುಣುಕು ಇದ್ದವರಿಗೆ ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚು, ಆ ತುಣುಕು ಬಂದದ್ದು ಬಹಳ ಹಿಂದೆಯೇ ಅಳಿದುಹೋದ ನಮ್ಮ ದಾಯಾದಿ ನಿಯಾಂಡರ್ತಲ್ ಮನುಷ್ಯರಿಂದ. ದಕ್ಷಿಣ ಏಷ್ಯಾದವರಲ್ಲಿ ಹತ್ತಿರಹತ್ತಿರ ಅರ್ಧ ಜನರಲ್ಲಿ ಅದಿದೆ. ಹಾಗಾದರೆ ಅನಿಷ್ಟವೇ? ಅದೇ ತುಣುಕು ಇದ್ದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 27 ಶೇಕಡಾ ಕಡಿಮೆ ಅಂತ 2022ರಲ್ಲಿ ಜೆಬರ್ಗ್ ಅವರೇ ತೋರಿಸಿದರು. 12ನೇ ಕ್ರೋಮೋಸೋಮಿನಲ್ಲಿರುವ ಇನ್ನೊಂದು ನಿಯಾಂಡರ್ತಲ್ ತುಣುಕು ಕೋವಿಡ್‌ನಿಂದ ಸ್ವಲ್ಪ ಕಾಪಾಡುತ್ತೆ ಕೂಡ. "ನಮ್ಮ ಪೂರ್ವಿಕರು ಗಟ್ಟಿಮುಟ್ಟು, ಅವರ ರಕ್ತ ನಮ್ಮಲ್ಲಿದೆ" ಅನ್ನುವ ಹೆಮ್ಮೆಗೆ ಯಾವ ತುಣುಕನ್ನು ಲೆಕ್ಕಕ್ಕೆ ಹಿಡಿಯೋಣ, ಹೇಳಿ.

ಕಷಾಯ ಕುಡಿಯಬೇಡಿ ಅನ್ನುತ್ತಿಲ್ಲ. ಶುಂಠಿ ಕಷಾಯ ನನಗೂ ಇಷ್ಟ, ಗಂಟಲಿಗೆ ಹಿತ. ಆದರೆ ಬೆಟ್ಟದ ಕೋತಿಗೆ ಎಂಜಲು ಕೊಡುವುದನ್ನು ಮಾತ್ರ ನಿಲ್ಲಿಸಿ. ಕಾಯಿಲೆ ಕೋತಿಯಿಂದ ನಮಗೆ ಬರುವುದೊಂದೇ ದಾರಿಯಲ್ಲ. 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನಲ್ಲಿ ಚಿಂಪಾಂಜಿಗಳು ಕೆಮ್ಮಿ ಕೆಮ್ಮಿ ಸತ್ತವು. ಕಾರಣ ರೈನೋವೈರಸ್ ಸಿ, ನಮ್ಮ ಮಕ್ಕಳಿಗೆ ನೆಗಡಿ ತರುವ ವೈರಸ್. ಅದು ಹಿಡಿದುಕೊಳ್ಳುವ ಪ್ರೋಟೀನು ಬಹುಪಾಲು ಮನುಷ್ಯರಲ್ಲಿ ಬದಲಾಗಿದೆ, ಚಿಂಪಾಂಜಿಗಳಲ್ಲಿ ಬದಲಾಗಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 2021ರ ಜನವರಿಯಲ್ಲಿ ಗೊರಿಲ್ಲಾಗಳಿಗೇ ಕೋವಿಡ್ ಬಂತು. ಅದೇ ವರ್ಷ ನಮ್ಮ ಝೂಗೆ ಜರ್ಮನಿಯಿಂದ ಎರಡು ಗೊರಿಲ್ಲಾ ಬಂದಿವೆ. ಮಾಸ್ಕ್ ಹಾಕಿಕೊಂಡು ಅವುಗಳ ಊಟ ಒಯ್ಯುವ ಸಿಬ್ಬಂದಿಯನ್ನು ನೋಡಿ ನಗುವ ಮುಂಚೆ ಇದು ನೆನಪಿರಲಿ.

ಬಂಡೀಪುರದ ಕಡೆ ಓಡಾಡುವವರಿಗೆ ಇನ್ನೊಂದು ಮಾತು. 2012ರ ಕೊನೆಯಲ್ಲಿ ಅಲ್ಲೂ ಮಂಗನ ಕಾಯಿಲೆ ಕಾಣಿಸಿತ್ತು, ಸತ್ತ ಕೋತಿಗಳ ವಿಲೇವಾರಿ ಮಾಡಿದ ಕೆಲಸಗಾರರೇ ಹಾಸಿಗೆ ಹಿಡಿದರು. ಕೋತಿ ಸತ್ತ ಮೇಲೆ ಅದರ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಇನ್ನೊಂದು ಮೈ ಹುಡುಕುತ್ತವೆ. ಸತ್ತ ಕೋತಿ ಕಂಡರೆ ಫೋಟೋ ತೆಗೆಯಲು ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.