ಖಾಲಿ ಇದೆ, ಬನ್ನಿ

ಎಮೋಜಿ ಕೀಲಿಮಣೆಯಲ್ಲಿ ನಗುಮುಖ, ಬೆಕ್ಕು, ಬಾಳೆಹಣ್ಣು, ಬಾವುಟ ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಸಂಕೇತಗಳ ಪುಟದಲ್ಲಿ ಹೃದಯಗಳು, ಓಂಕಾರ, ಶಿಲುಬೆ, ಹನ್ನೆರಡು ರಾಶಿ ದಾಟಿದ ಮೇಲೆ ಮಾತ್ರ ಒಂದು ನಿರ್ಜನ ಕೇರಿ ಸಿಗುತ್ತದೆ. ಕೆಂಪು, ಕಿತ್ತಳೆ, ನೀಲಿ ಚೌಕಗಳು. ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಜಪಾನಿ ಅಕ್ಷರ. ಅಲ್ಲಿಗೆ ಬೇಕೆಂದು ಹೋಗುವವರು ಕಡಿಮೆ, ಬೆರಳು ಜಾರಿ ಬೀಳುವವರೇ ಹೆಚ್ಚು. ನನಗೋ, ಕೆಲಸವಿಲ್ಲದಾಗ ಅಲ್ಲೊಂದು ಸುತ್ತು ಹಾಕಿ ಬರುವ ಚಾಳಿ.

ಇಷ್ಟದ್ದು ನೀಲಿ ಚೌಕ. ಮೇಲೊಂದು ಸೂರು, ಸೂರಿನ ನೆತ್ತಿಗೆ ಪುಟಾಣಿ ಕಳಶ, ಒಳಗೆ ಅತ್ತಿತ್ತ ಚಾಚಿದ ಎರಡು ಕಾಲು, ಅಡಿಯಲ್ಲಿ ಇಂಗ್ಲಿಷಿನ ಐ ಅಕ್ಷರದಂಥ ಕಂಬ. ಅರ್ಥ ಇಷ್ಟೇ: ಖಾಲಿ ಇದೆ. ಜಪಾನಿನಲ್ಲಿ ಪಾರ್ಕಿಂಗ್ ಜಾಗದ ಬಾಗಿಲಲ್ಲಿ ಈ ಅಕ್ಷರ ಹೊತ್ತಿಕೊಂಡಿದ್ದರೆ ಗಾಡಿ ಒಳಗೆ ಬಿಡಬಹುದು. ಇದರ ಜೋಡಿ ಕೆಂಪು ಚೌಕ, ಭರ್ತಿ. ಅದು ಹೊತ್ತಿದ್ದರೆ ಮುಂದಿನ ಬೀದಿ ನೋಡಿಕೊಳ್ಳಬೇಕು. ಇಲ್ಲಿಯವರೆಗೆ ಬಣ್ಣದ ಲೆಕ್ಕ ಸಲೀಸು. ಟ್ಯಾಕ್ಸಿಯಲ್ಲಿ ಎಲ್ಲ ಉಲ್ಟಾ. ಮುಂದಿನ ಗಾಜಿನ ಹಿಂದೆ ಕೆಂಪಗೆ ಹೊಳೆಯುವುದು ಸಾಮಾನ್ಯವಾಗಿ 'ಖಾಲಿ ಗಾಡಿ'. ಹಸಿರು ಕಂಡರೆ ಒಳಗೆ ಯಾರೋ ಕೂತಿದ್ದಾರೆ, ಮೀಟರ್ ಓಡುತ್ತಿದೆ. ಹಸಿರು ನೋಡಿ ಕೈ ಅಡ್ಡ ಹಾಕುವ ಪರದೇಶಿಯ ಮುಂದೆಯೇ ಗಾಡಿ ನಿಲ್ಲದೆ ಹೋಗುತ್ತದೆ.

ಈ ಅಕ್ಷರದ ಪೂರ್ವಾಶ್ರಮ ಪಾರ್ಕಿಂಗಿನದಲ್ಲ. ಆಕಾಶಕ್ಕೂ ಇದೇ ಅಕ್ಷರ. ಕರಾಟೆಯ ಮೊದಲರ್ಧವೂ ಇದೇ, ಆಯುಧವಿಲ್ಲದ ಬರಿಗೈ. ಬೌದ್ಧ ಗ್ರಂಥಗಳನ್ನು ಸಂಸ್ಕೃತದಿಂದ ಚೀನಿ ಭಾಷೆಗೆ ತಂದ ಪಂಡಿತರು 'ಶೂನ್ಯ'ಕ್ಕೆ ಆರಿಸಿಕೊಂಡದ್ದೂ ಇದನ್ನೇ. ಅಲ್ಲಿಂದ ಜಪಾನಿಗೆ ಹೋಯಿತು, ಮಠಗಳಲ್ಲಿ ಶತಮಾನಗಳ ಕಾಲ ಪಾರಾಯಣವಾಯಿತು, ಈಗ ಟೋಕಿಯೊದಲ್ಲಿ ಬಲ್ಬು ಹಾಕಿಕೊಂಡು ಕಾರುಗಳನ್ನು ಕರೆಯುತ್ತಿದೆ. ಇದೇನು ಅಧೋಗತಿ ಎಂದು ನನಗನ್ನಿಸುವುದಿಲ್ಲ. ಹಬ್ಬದ ಹಿಂದಿನ ಸಂಜೆ ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಲು ಸುತ್ತು ಹೊಡೆದವರನ್ನು ಕೇಳಿ, ಶೂನ್ಯ ಸಂಪಾದನೆ ಎಂಥ ಸಾಧನೆಯೆಂದು ಹೇಳುತ್ತಾರೆ.

ಅದೇ ಕೇರಿಯಲ್ಲಿ ಕಿತ್ತಳೆ ಚೌಕದೊಳಗೆ 'ಇಲ್ಲ' ಎಂಬ ಅಕ್ಷರವೂ ಇದೆ. ಝೆನ್ ಗುರುಗಳು ಶಿಷ್ಯರ ತಲೆಗೆ ಹುಳ ಬಿಟ್ಟು ಕೂರಿಸುವ 'ಮು' ಇದೇ. ಚಿತ್ರ ನಿರ್ದೇಶಕ ಯಸುಜಿರೊ ಓಜು 1963ರಲ್ಲಿ ತೀರಿಕೊಂಡರು. ಕಾಮಾಕುರಾದ ಎಂಗಾಕುಜಿ ದೇವಾಲಯದಲ್ಲಿರುವ ಅವರ ಸಮಾಧಿಗಲ್ಲಿನ ಮೇಲೆ ಕೆತ್ತಿರುವುದು ಈ ಒಂದು ಅಕ್ಷರ. ಫೋನಿನಲ್ಲಿ ಅದರ ಕೆಲಸ 'ದುಡ್ಡು ಕೊಡಬೇಕಾಗಿಲ್ಲ' ಎನ್ನುವುದು. ಪಕ್ಕದಲ್ಲೇ 'ಇದೆ' ಎಂಬ ಚೌಕ ಕಾದಿರುತ್ತದೆ: ಶುಲ್ಕ ಉಂಟು.

1999ರಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಕಂಪನಿ ಐ-ಮೋಡ್ ಎಂಬ ಮೊಬೈಲ್ ಇಂಟರ್ನೆಟ್ ಸೇವೆ ಶುರು ಮಾಡಿದಾಗ ಶಿಗೆತಾಕ ಕುರಿತಾ ಎಂಬವರು ಅದಕ್ಕೆ 176 ಚಿತ್ರ ಮಾಡಿಕೊಟ್ಟರು. ಒಂದೊಂದಕ್ಕೂ ಸಿಕ್ಕ ಜಾಗ ಉದ್ದಕ್ಕೆ 12 ಚುಕ್ಕಿ, ಅಗಲಕ್ಕೆ 12 ಚುಕ್ಕಿ. ಹವಾಮಾನ, ರೈಲು, ಊಟ ಇಂಥವು ಅಲ್ಲಿನ ವಿಷಯಗಳು. ಮೊಬೈಲ್ ಕಂಪನಿಗಳ ಪಟ್ಟಿಗಳಿಗೆ ಅಂಗಡಿಯ ಬೋರ್ಡುಗಳೂ ಬಂದು ಸೇರಿಕೊಂಡವು: ರಿಯಾಯಿತಿ, ತಿಂಗಳ ಶುಲ್ಕ, ಅಂಗಡಿ ತೆರೆದಿದೆ, ನಿಷೇಧ, ಪರೀಕ್ಷೆ ಪಾಸು. ಭಾವನೆಯ ಸುದ್ದಿಯೇ ಇಲ್ಲದ ಎಮೋಜಿಗಳು. 2010ರಲ್ಲಿ, ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಯೂನಿಕೋಡ್ ಸಂಸ್ಥೆ ತನ್ನ 6.0 ಆವೃತ್ತಿಯಲ್ಲಿ ಜಪಾನಿ ಕಂಪನಿಗಳ ಎಮೋಜಿಗಳನ್ನು ಸಾರಾಸಗಟಾಗಿ ಒಳಗೆ ಕರೆದುಕೊಂಡಿತು, ಅಲ್ಲಿನ ಸಂದೇಶಗಳು ಹಾಳಾಗಬಾರದಲ್ಲ. ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವುದಿಲ್ಲ ಎಂಬುದು ಅವರ ನಿಯಮ. ಹೀಗಾಗಿ ಹಳೇ ಕಾಯಿದೆಯ ಬಾಡಿಗೆದಾರರಂತೆ ಇವನ್ನು ಯಾರೂ ಎಬ್ಬಿಸುವ ಹಾಗಿಲ್ಲ.

ಓದಲು ಬಾರದಿದ್ದರೆ ಬಳಸಬಾರದೆಂದೇನಿಲ್ಲ. ನಮ್ಮ ಚಿಕ್ಕಮ್ಮ ಕುಟುಂಬದ ಗ್ರೂಪಿನಲ್ಲಿ ಶುಭಾಶಯ ಕಳಿಸುವಾಗ ಗುಲಾಬಿ, ಕೈಮುಗಿದ ಕೈ, ಆಮೇಲೆ ಎರಡು ಕೆಂಪು ದುಂಡನೆ ಬಿಲ್ಲೆ ಇಡುತ್ತಾರೆ. "ಕುಂಕುಮದ ಹಾಗೆ ಲಕ್ಷಣವಾಗಿದೆ ಕಣೋ" ಎಂಬುದು ಅವರ ಸಮರ್ಥನೆ. ಒಂದು ಬಿಲ್ಲೆಯ ಅರ್ಥ 'ಅಭಿನಂದನೆ'. ಜಪಾನೀಯರೂ ಹಾಗೆಯೇ ಬಳಸುತ್ತಾರೆ, ಚಿಕ್ಕಮ್ಮನಿಗೆ ನೂರಕ್ಕೆ ನೂರು. ಪಕ್ಕದ ಇನ್ನೊಂದು ಬಿಲ್ಲೆ ಅದರ ಅವಳಿಯಂತೆ ಕಂಡರೂ ಕಡತಗಳ ಮೇಲೆ ಒತ್ತುವ ಮುದ್ರೆ: 'ಗೌಪ್ಯ'. ಹೀಗಾಗಿ ಮಾವನವರ ಮದುವೆಯ ವಾರ್ಷಿಕೋತ್ಸವಕ್ಕೆ ಮನೆಮಂದಿಗೆಲ್ಲ ಹೋದ ಸಂದೇಶ: ಅಭಿನಂದನೆಗಳು, ಯಾರಿಗೂ ಹೇಳಬೇಡಿ. ನಾನು ವಿವರಿಸಲು ಹೋಗಲಿಲ್ಲ. ವಿವರಿಸಿದರೆ ನಿಲ್ಲಿಸಿಬಿಟ್ಟಾರು.

ನನಗಿರುವ ಹೊಟ್ಟೆಕಿಚ್ಚು ಬೇರೆ. ನಮ್ಮ ಬೀದಿಗಳ ಬೋರ್ಡುಗಳನ್ನೂ ಆಗಲೇ ಯಾರಾದರೂ ಚೌಕದೊಳಗೆ ಕೂರಿಸಿದ್ದರೆ? 'ಮನೆ ಬಾಡಿಗೆಗಿದೆ' ಎಂಬುದಕ್ಕೊಂದು 'ಬಾ'. ಚಿತ್ರಮಂದಿರದ ಹೌಸ್‌ಫುಲ್ ಹಲಗೆಗೊಂದು 'ಹೌ'. 'ಇಂದು ನಗದು, ನಾಳೆ ಸಾಲ' ಬೋರ್ಡಿಗೂ ಒಂದು ಇದ್ದಿದ್ದರೆ, ತಿಂಗಳ ಕೊನೆಗೆ ಕೈಗಡ ಕೇಳುವ ಗೆಳೆಯರಿಗೆ ಮಾತು ಬೆಳೆಸದೆ ಕಳಿಸಬಹುದಿತ್ತು. ಅದರೊಳಗಿನ ಅಕ್ಷರಕ್ಕೇ ಜಗಳವಾಗುತ್ತಿತ್ತೇನೋ: ಮೈಸೂರಿನವರು 'ಸಾ' ಎನ್ನುತ್ತಿದ್ದರು, ಹುಬ್ಬಳ್ಳಿಯವರು "ಉದ್ರಿ ಅಂದಮ್ಯಾಲೆ 'ಉ' ಇರಬೇಕಲ್ರೀ" ಎನ್ನುತ್ತಿದ್ದರು.