ಕೊಳಚೆ ನೀರಿಗೆ ತಾನೇ, ಹಳೇ ಕಾಲಂ ಸಾಕು ಅನ್ನುವವರಿಗೆ

ಮೊನ್ನೆ ಹಳೇ ಮಷಿನ್ ಮಾರುವವರೊಬ್ಬರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು. ಥಳಥಳ ಹೊಳೆಯುವ ಸ್ಟ್ರಿಪ್ಪರ್ ಕಾಲಂ, ಅಂದರೆ ಕಾರ್ಖಾನೆಯ ಕೊಳಚೆ ನೀರಿನಿಂದ ಸಾಲ್ವೆಂಟನ್ನು (ದ್ರಾವಕ) ಬೇರ್ಪಡಿಸುವ ಸ್ಟೇನ್‌ಲೆಸ್ ಸ್ಟೀಲ್ ಗೋಪುರ. "ಎಸ್‌ಎಸ್ 316 ಸರ್, ಕಂಡೀಷನ್ ಸೂಪರ್, ಕೆಜಿ ಲೆಕ್ಕದಲ್ಲಿ ಕೊಡ್ತೀನಿ." ನೋಡಿದ ಕೂಡಲೇ ಹಳೇ ಗಾಯ ಕೆರೆದ ಹಾಗಾಯಿತು.

ಬೀದರಿನ ಕೊಳಾರ ಇರಲಿ, ಯಾದಗಿರಿಯ ಕಡೇಚೂರು ಇರಲಿ, ಔಷಧದ ಕಚ್ಚಾ ಪುಡಿ ಮಾಡುವ ಕಾರ್ಖಾನೆಗಳಿಂದ ಬರುವ ನೀರಿನಲ್ಲಿ ಉಪ್ಪೂ ಇರುತ್ತದೆ, ಮೆಥನಾಲ್, ಅಸಿಟೋನ್ ತರಹದ ಸಾಲ್ವೆಂಟೂ ಇರುತ್ತದೆ. ಇದನ್ನು ನೇರವಾಗಿ ಎಂಇಇಗೆ, ಅಂದರೆ ನೀರನ್ನು ಆವಿ ಮಾಡಿ ಉಪ್ಪು ಬೇರೆ ಮಾಡುವ ಯಂತ್ರಕ್ಕೆ ಬಿಟ್ಟರೆ ಸಾಲ್ವೆಂಟು ಆವಿಯ ಜೊತೆ ಹಾರಿ ಕಂಡೆನ್ಸೇಟ್‌ಗೆ (ಆವಿ ತಣಿದು ಆದ ನೀರಿಗೆ) ಸೇರುತ್ತದೆ. ನೀರಿನ ಕೊಳೆಯ ಅಳತೆಯಾದ ಸಿಓಡಿ ಏರುತ್ತದೆ. ಅದಕ್ಕೇ ಮೊದಲು ಸ್ಟ್ರಿಪ್ಪರ್. ನೀರು ಮೇಲಿನಿಂದ ಇಳಿಯುತ್ತದೆ, ಆವಿ ಕೆಳಗಿನಿಂದ ಏರುತ್ತದೆ. 56 ಡಿಗ್ರಿಗೆ ಕುದಿಯುವ ಅಸಿಟೋನ್, 65ರ ಹತ್ತಿರ ಕುದಿಯುವ ಮೆಥನಾಲ್ ಮೇಲೆ ಹೋಗುತ್ತವೆ. ಉಪ್ಪುನೀರು ತಳಕ್ಕೆ. ಡಿಎಂಎಫ್ ಅನ್ನುವ ಸಾಲ್ವೆಂಟ್ ಇದ್ದರೆ ಮಾತ್ರ ಕೈ ಮುಗಿಯಬೇಕು, 153 ಡಿಗ್ರಿಗೆ ಕುದಿಯುವ ಆಸಾಮಿ, ಜಗ್ಗುವುದಿಲ್ಲ. ತಮಾಷೆ ಅಂದರೆ ಈ ಕೆಲಸಕ್ಕೆ ಉಪ್ಪೇ ಸಹಾಯ ಮಾಡುತ್ತದೆ. ನೀರಿನಲ್ಲಿ ಉಪ್ಪು ಜಾಸ್ತಿ ಇದ್ದಷ್ಟೂ ಮೆಥನಾಲ್ ಬೇಗ ಬಿಟ್ಟು ಹೋಗುತ್ತದೆ.

ಆದರೆ ಅದೇ ಉಪ್ಪು ಸ್ಟೀಲನ್ನು ತಿನ್ನುತ್ತದೆ.

ಕೆಲವು ವರ್ಷದ ಹಿಂದೆ ನಾನಿದ್ದ ಕಡೆ ಹೀಗೇ ಒಂದು ಹಳೇ ಕಾಲಂ ತಂದೆವು. ಪ್ರೊಡಕ್ಷನ್‌ಗೆ ರಿಯಾಕ್ಟರ್ ಕೊಳ್ಳುವಾಗ ತಿಂಗಳುಗಟ್ಟಲೆ ಮೀಟಿಂಗ್ ಮಾಡಿದವರು ಇದಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. "ಇಟಿಪಿಗೆ ತಾನೇ?" (ಇಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ.) ಥಿಕ್‌ನೆಸ್ ಗೇಜ್ ಹಿಡಿದು ನಾನೇ ಅಳೆದಿದ್ದೆ, ಎಲ್ಲಾ ಕಡೆ ಸರಿಯಾಗಿತ್ತು. ಎಂಟನೇ ತಿಂಗಳಲ್ಲಿ ಇನ್ಸುಲೇಷನ್ ಸಂದಿಯಿಂದ ಬಿಳೀ ಗೆರೆ ಇಳಿದಿತ್ತು. ಬಿಚ್ಚಿ ನೋಡಿದರೆ ವೆಲ್ಡಿಂಗ್ ಪಕ್ಕ ಕೂದಲಿನಷ್ಟು ಸಣ್ಣ ಬಿರುಕು, ಅದರ ಬಾಯಿಗೆ ಉಪ್ಪು ಕಟ್ಟಿತ್ತು. ವೆಲ್ಡ್ ಮಾಡಿದೆವು. ಪಕ್ಕದಲ್ಲೇ ಇನ್ನೊಂದು ಬಾಯಿ ಬಿಟ್ಟಿತು. ಮತ್ತೆ ವೆಲ್ಡ್, ಮತ್ತೆ ಬಾಯಿ.

ತಪ್ಪು ನನ್ನದೂ ಹೌದು. ಉಪ್ಪಿನ ಕ್ಲೋರೈಡ್, ಬಿಸಿ, ವೆಲ್ಡಿಂಗ್‌ನಲ್ಲಿ ಉಳಿದ ಎಳೆತ, ಈ ಮೂರೂ ಸೇರಿದರೆ 304, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗಳು ಸವೆಯುವುದಿಲ್ಲ, ಸೀಳುತ್ತವೆ. ಸುಮಾರು 60 ಡಿಗ್ರಿ ದಾಟಿದರೆ ಅಪಾಯ ಶುರು. ಸ್ಟ್ರಿಪ್ಪರ್ ತಳದಲ್ಲಿ ನೂರರ ಮೇಲೇ ಇರುತ್ತದೆ. ದಪ್ಪ ಅಳೆಯುವ ಗೇಜಿಗೆ ಬಿರುಕು ಕಾಣುವುದೇ ಇಲ್ಲ. ಅದಕ್ಕೆ ಡಿಪಿ ಟೆಸ್ಟ್ ಬೇಕು. ಬಣ್ಣ ಹಚ್ಚಿ, ಒರೆಸಿ, ಡೆವಲಪರ್ ಹೊಡೆದರೆ ಕೆಂಪು ಗೆರೆ ಎದ್ದು ಬರುತ್ತದೆ. ಅದೂ ಉಜ್ಜಿ ಹೊಳಪು ಕೊಡುವ ಬಫಿಂಗ್ ಮಾಡುವ ಮುಂಚೆ. ಬಫಿಂಗ್ ಆದ ಮೇಲೆ ಬಿರುಕಿನ ಬಾಯಿ ಮುಚ್ಚಿಕೊಂಡಿರುತ್ತದೆ, ನೋಡಿ ಬೆಲೆ ಹೇಳುವುದು ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ.

ಹಾಗಂತ ಹಳೇದು ಬೇಡವೇ ಬೇಡ ಅನ್ನುವವನಲ್ಲ ನಾನು. ಉಪ್ಪು ಆವಿಯ ಜೊತೆ ಮೇಲೆ ಹೋಗುವುದಿಲ್ಲ ಅಲ್ವಾ? ಫೀಡ್ ಒಳಬರುವ ಜಾಗದಿಂದ ಮೇಲಿನ ಭಾಗ, ಕಂಡೆನ್ಸರ್, ರಿಸೀವರ್, ಇವನ್ನೆಲ್ಲ ಧಾರಾಳವಾಗಿ ಹಳೇದು ತನ್ನಿ. ಎಂಡಿಸಿ ಅನ್ನುವ ಕ್ಲೋರಿನ್ ಇರುವ ಸಾಲ್ವೆಂಟ್ ಇದ್ದರೆ ಮಾತ್ರ ಹುಷಾರು, ಬಿಸಿ ನೀರಿನಲ್ಲಿ ಒಡೆದು ಆಸಿಡ್ ಮಾಡುತ್ತದೆ, ಆಗ ಮೇಲೂ ನೆಮ್ಮದಿ ಇಲ್ಲ. ಕೆಳಗಿನ ಭಾಗ, ತಳದ ನೀರು ಕುದಿಸುವ ರೀಬಾಯ್ಲರ್ ಇವೆರಡನ್ನು ಹೊಸದಾಗಿ, ಕ್ಲೋರೈಡ್ ಚೆನ್ನಾಗಿ ತಡೆಯುವ 2205 ಡ್ಯೂಪ್ಲೆಕ್ಸ್ ಸ್ಟೀಲ್‌ನಲ್ಲೋ ಅದಕ್ಕಿಂತ ಮೇಲಿನದರಲ್ಲೋ ಮಾಡಿಸಿ. ಮತ್ತೆ ಕಾಲಂನ ವ್ಯಾಸ ನೋಡಿ. ದೊಡ್ಡದಾದರೆ ಒಳಗೆ ತುಂಬಿರುವ ಪ್ಯಾಕಿಂಗ್ ಸರಿಯಾಗಿ ನೆನೆಯುವುದಿಲ್ಲ, ಚಿಕ್ಕದಾದರೆ ನೀರು ಇಳಿಯದೆ ಕಾಲಂ ಕಟ್ಟಿಕೊಳ್ಳುತ್ತದೆ.

ನನಗೆ ನಗು ಬರುವುದು "ಕೊಳಚೆಗೆ ತಾನೇ" ಅನ್ನುವ ಮಾತಿಗೆ. ನಾವು ಅಂದು ತಂದಿದ್ದು ಸಾಲ್ವೆಂಟ್ ರಿಕವರಿಯಲ್ಲಿ ಶುದ್ಧ ಮೆಥನಾಲ್ ಕುಡಿದು ಸುಖವಾಗಿದ್ದ ಕಾಲಂ. ಕಾರ್ಖಾನೆಯಲ್ಲಿ ಲೋಹಕ್ಕೆ ಅತಿ ಕಷ್ಟದ ಕೆಲಸ ಇರುವುದು ಇಟಿಪಿಯಲ್ಲೇ, ಮುಪ್ಪಿನಲ್ಲಿ ತಂದು ಅದನ್ನು ಅಲ್ಲಿ ದುಡಿಸುತ್ತೇವೆ.

ಫೋಟೋ ಕಳಿಸಿದವರಿಗೆ ಉತ್ತರ ಬರೆದೆ: "ಅಣ್ಣಾ, ಇದರಲ್ಲಿ ಮೊದಲು ಏನು ಓಡುತ್ತಿತ್ತು? ಬಫಿಂಗ್ ಮಾಡದೇ ಇರೋ ಒಳಗಿನ ಫೋಟೋ ಇದೆಯಾ?"

ಎರಡು ನೀಲಿ ಟಿಕ್ ಬಿದ್ದಿವೆ. ನಾಲ್ಕು ದಿನ ಆಯಿತು.